ಒಂದೇ ಪ್ರೋಗ್ರಾಂ, ಎರಡು ಶಾಲೆ: ಟಿಕಿಂಟರ್ ಕಿಟಕಿಯಲ್ಲಿ ಕನ್ನಡ ಒಡೆದದ್ದೇಕೆ

ಬೋಧನಾಭ್ಯಾಸದ ಮೊದಲ ಹಂತಕ್ಕೆ ನನಗೆ ನಂಜನಗೂಡಿನ ಒಂದು ಪ್ರೌಢಶಾಲೆ ಸಿಕ್ಕಿತು, ಎರಡನೆಯ ಹಂತಕ್ಕೆ ತಿ. ನರಸೀಪುರದ ಒಂದು ಪ್ರೌಢಶಾಲೆ. ಎರಡೂ ಕಡೆ ಎಂಟನೆಯ ತರಗತಿಗೆ ಊರಿನ ನದಿ, ಸೇತುವೆ, ದೇಗುಲಗಳ ಬಗ್ಗೆ ಒಂದು ಪುನರ್ಮನನ ಪಾಠವನ್ನು ಕಂಪ್ಯೂಟರ್ ಕೊಠಡಿಯಲ್ಲಿ ಮಾಡುವ ಯೋಜನೆ ಹಾಕಿಕೊಂಡೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಕೆಳಗೆ ನಾಲ್ಕು ಬಟನ್, ಮಗು ಒಂದನ್ನು ಒತ್ತಬೇಕು. ಕಪಿಲಾ ನದಿಯ ಮೇಲಿನ 1735ರ ಸೇತುವೆ ಎಲ್ಲಿದೆ, ಕಪಿಲೆ ಕಾವೇರಿಯನ್ನು ಸೇರುವುದು ಎಲ್ಲಿ, 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಮ್ಮ ತಾಲ್ಲೂಕಿನ ದೇವಾಲಯ ಯಾವುದು, ಇಂಥ ಹದಿನೈದು ಪ್ರಶ್ನೆಗಳು. ಮನೆಯ ಲ್ಯಾಪ್‌ಟಾಪಿನಲ್ಲಿ ಎರಡು ಸಂಜೆ ಕೂತು ಪೈಥಾನ್‌ನಲ್ಲಿ ಬರೆದೆ. ಚೆನ್ನಾಗಿಯೇ ನಡೆಯಿತು. ಅಲ್ಲಿ ನಡೆದದ್ದು ಶಾಲೆಯಲ್ಲೂ ನಡೆಯುತ್ತದೆ ಎಂದುಕೊಂಡದ್ದೇ ತಪ್ಪು.

ಪೈಥಾನ್‌ನಲ್ಲಿ ಕಿಟಕಿ, ಬಟನ್, ಪಠ್ಯದ ಪೆಟ್ಟಿಗೆ ಮಾಡಿಕೊಡುವ ಲೈಬ್ರರಿಯ ಹೆಸರು ಟಿಕಿಂಟರ್. ಇದು ಪೈಥಾನಿನ ಸ್ವಂತ ಮಗುವಲ್ಲ. ಅಮೆರಿಕದ ಜಾನ್ ಔಸ್ಟರ್‌ಹೌಟ್ ಅವರು ಟಿಕಲ್ ಎಂಬ ಭಾಷೆಗಾಗಿ ಕಟ್ಟಿದ ಟಿಕೆ ಎಂಬ ಹಳೆಯ ಉಪಕರಣಕ್ಕೆ ಪೈಥಾನ್ ಕಡೆಯಿಂದ ಹಾಕಿದ ಬಾಗಿಲು ಅದು. ನಾವು ಬರೆಯುವ ಒಂದು ಸಾಲು ಪೈಥಾನಿನಿಂದ ಟಿಕೆಗೆ, ಅಲ್ಲಿಂದ ವಿಂಡೋಸ್ ಅಥವಾ ಲಿನಕ್ಸಿನ ಚಿತ್ರ ಬಿಡಿಸುವ ವ್ಯವಸ್ಥೆಗೆ, ಅಲ್ಲಿಂದ ಫಾಂಟ್‌ಗೆ ಹೋಗುತ್ತದೆ. ಎಲ್ಲಿ ಮುರಿದಿದೆ ಎಂದು ಹುಡುಕುವುದೆಂದರೆ ಈ ನಾಲ್ಕು ಮೆಟ್ಟಿಲಲ್ಲಿ ಯಾವುದು ಎಂದು ಹುಡುಕುವುದು.

ನಂಜನಗೂಡಿನಲ್ಲಿ ಇದ್ದದ್ದು ವಿಂಡೋಸ್ 7. ನಾನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದ ಪೈಥಾನ್ 3.11, ಅದಕ್ಕಿಂತ ಹೊಸ ವಿಂಡೋಸ್ ಬೇಕೆಂದು ಹೇಳಿ ಇನ್‌ಸ್ಟಾಲ್ ಆಗಲು ಒಪ್ಪಲಿಲ್ಲ. ಪೈಥಾನ್ 3.9ರಿಂದ ಮುಂದಕ್ಕೆ ವಿಂಡೋಸ್ 7ಕ್ಕೆ ಬೆಂಬಲವಿಲ್ಲ. ಅದರ ಮೇಲೆ ನಡೆಯುವ ಕೊನೆಯ ಸರಣಿ 3.8. ಯಂತ್ರಗಳು 32 ಬಿಟ್‌ನವು, ಆದ್ದರಿಂದ ಇನ್‌ಸ್ಟಾಲರ್ ಕೂಡ 32 ಬಿಟ್‌ನದ್ದೇ ಬೇಕು. ವಿಂಡೋಸ್ 7ಕ್ಕೆ ಸರ್ವಿಸ್ ಪ್ಯಾಕ್ 1 ಹಾಕಿರಬೇಕು. ಇದನ್ನೆಲ್ಲ ಹಿಂದಿನ ದಿನ ಹೋಗಿ ನೋಡಿದ್ದರೆ ಹತ್ತು ನಿಮಿಷದ ಕೆಲಸ. ನಾನು ಹೋದದ್ದು ಪಾಠದ ದಿನ ಬೆಳಿಗ್ಗೆ, ಪ್ರಾರ್ಥನೆಗೆ ಸ್ವಲ್ಪ ಮುಂಚೆ. ಅವತ್ತಿನ ಪಾಠವನ್ನು ಕಪ್ಪುಹಲಗೆಯಲ್ಲೇ ಮಾಡಿ ಮುಗಿಸಿದೆ. ಮಾರನೆಯ ದಿನಕ್ಕೆ 3.8 ತಂದೆ.

ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು. ಇಲ್ಲಿ ಬಹಳ ಜನ ಎಡವುತ್ತಾರೆ. ದೋಷದ ಸಂದೇಶ ಆ ಕಪ್ಪು ಕಿಟಕಿಯಲ್ಲೇ ಇರುತ್ತದೆ, ಪ್ರೋಗ್ರಾಂ ನಿಂತ ಕೂಡಲೇ ಅದೂ ಮುಚ್ಚಿಹೋಗುತ್ತದೆ. ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು, ಅಲ್ಲಿಂದ ಪೈಥಾನ್ ಎಂದು ಬರೆದು ಫೈಲಿನ ಹೆಸರು ಕೊಟ್ಟು ನಡೆಸಿದರೆ ಸಂದೇಶ ನಿಲ್ಲುತ್ತದೆ. ಸಂದೇಶವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಬೇಕು: ಏನಾಯಿತು ಎಂಬುದು ಕೊನೆಯಲ್ಲಿ, ಎಲ್ಲಿ ಆಯಿತು ಎಂಬುದು ಅದರ ಮೇಲೆ.

ನನಗೆ ಬಂದದ್ದು ಸಿಂಟ್ಯಾಕ್ಸ್ ದೋಷ. ಉತ್ತರ ಪರೀಕ್ಷಿಸಲು 'ಮ್ಯಾಚ್' ಎಂಬ ರಚನೆ ಬಳಸಿದ್ದೆ. ಅದು ಪೈಥಾನಿಗೆ ಬಂದದ್ದು 2021ರ 3.10ರಲ್ಲಿ, 3.8ಕ್ಕೆ ಅದರ ವ್ಯಾಕರಣವೇ ಗೊತ್ತಿಲ್ಲ. ಗಮನಿಸಬೇಕಾದ ಸಂಗತಿ ಏನೆಂದರೆ, ಸಿಂಟ್ಯಾಕ್ಸ್ ದೋಷವಿದ್ದರೆ ಮೊದಲ ಸಾಲೂ ನಡೆಯುವುದಿಲ್ಲ. ಇಡೀ ಫೈಲನ್ನು ಓದಿ ಅರ್ಥ ಮಾಡಿಕೊಂಡ ಮೇಲೆಯೇ ಪೈಥಾನ್ ಕೆಲಸ ಶುರುಮಾಡುವುದು. ಹಾಗಾಗಿ ಅದನ್ನು ತಿದ್ದಿ 'ಇಫ್' ಎಂದು ಬದಲಿಸಿದ ಮೇಲಷ್ಟೇ ಎರಡನೆಯ ದೋಷ ತಲೆ ಎತ್ತಿತು. ನನ್ನ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವೆಂದು, ಪರದೆಯ ಸಾಂದ್ರತೆಗೆ ಹೊಂದಿಸುವ ಒಂದು ಸಾಲನ್ನು ಎಲ್ಲಿಂದಲೋ ತಂದು ಹಾಕಿದ್ದೆ. ಅದು ವಿಂಡೋಸಿನ 'ಎಸ್‌ಎಚ್‌ಕೋರ್' ಎಂಬ ಫೈಲನ್ನು ಕರೆಯುತ್ತದೆ. ವಿಂಡೋಸ್ 7ರಲ್ಲಿ ಆ ಫೈಲೇ ಇಲ್ಲ. ಲಿನಕ್ಸಿನಲ್ಲಂತೂ ಆ ದಾರಿಯೇ ಇಲ್ಲ. ಅರ್ಥವಾಗದೆ ತಂದು ಅಂಟಿಸಿದ ಒಂದೇ ಸಾಲು ಎರಡು ಶಾಲೆಯಲ್ಲಿ ಎರಡು ಬೇರೆ ಕಾರಣಕ್ಕೆ ಪ್ರೋಗ್ರಾಮನ್ನು ಕೊಂದಿತು.

ಮೂರನೆಯದು ದೋಷವೆಂದು ಹೇಳಿಕೊಳ್ಳದ ದೋಷ. ನಾನು ನಿರ್ಮಲಾ ಯುಐ ಎಂಬ ಫಾಂಟ್ ಕೇಳಿದ್ದೆ. ಅದು ವಿಂಡೋಸ್ 8ರಿಂದ ಬಂದದ್ದು. 7ರಲ್ಲಿ ಕನ್ನಡಕ್ಕಿರುವುದು ತುಂಗಾ. ಕೇಳಿದ ಫಾಂಟ್ ಇಲ್ಲದಿದ್ದರೆ ಟಿಕೆ ದೂರುವುದಿಲ್ಲ, ಇರುವುದನ್ನು ಸದ್ದಿಲ್ಲದೆ ಹಾಕಿಬಿಡುತ್ತದೆ. ತುಂಗಾದಲ್ಲಿ ಅದೇ ಅಳತೆಯ ಅಕ್ಷರ ಚಿಕ್ಕದಾಗಿ ಕಾಣುತ್ತದೆ, ಹಿಂದಿನ ಬೆಂಚಿನ ಮಕ್ಕಳು ಎದ್ದು ಬಂದು ಓದಬೇಕಾಯಿತು. ಜೊತೆಗೆ ನನ್ನ ಕಿಟಕಿಯ ಅಗಲ 1200 ಚುಕ್ಕಿ, ಶಾಲೆಯ ಮಾನಿಟರ್ 1024. 'ಮುಂದೆ' ಎಂಬ ಬಟನ್ ಪರದೆಯಾಚೆ ಹೋಗಿ ಕೂತಿತ್ತು. ಮಕ್ಕಳು ಮೊದಲ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನೆ ಕೂತರು. ಬಟನ್‌ಗಳನ್ನು ಚುಕ್ಕಿ ಎಣಿಸಿ ಕೂರಿಸದೆ ಸಾಲು-ಕಂಬದ 'ಗ್ರಿಡ್' ವಿಧಾನದಲ್ಲಿ ಕೂರಿಸಿ, ಕಿಟಕಿಯ ಅಗಲವನ್ನು ಪರದೆಯನ್ನೇ ಕೇಳಿ ನಿರ್ಧರಿಸಿದರೆ ಈ ತೊಂದರೆ ಬಾರದು. ಫಾಂಟ್‌ಗಳ ಪಟ್ಟಿಯನ್ನೂ ಟಿಕಿಂಟರ್ ಕೊಡುತ್ತದೆ. ನಿರ್ಮಲಾ ಇದ್ದರೆ ಅದು, ಇಲ್ಲದಿದ್ದರೆ ತುಂಗಾ ಎರಡು ಅಂಶ ದೊಡ್ಡದಾಗಿ ಎಂದು ಬರೆದುಕೊಂಡೆ.

ಇಷ್ಟು ಕಲಿತು, ಈ ಸಲ ಬುದ್ಧಿವಂತಳಾಗಿದ್ದೇನೆ ಎಂದುಕೊಂಡೇ ತಿ. ನರಸೀಪುರಕ್ಕೆ ಹೋದೆ. ಎರಡು ದಿನ ಮುಂಚೆಯೇ ಹೋಗಿ ಯಂತ್ರ ನೋಡಿದೆ. ಉಬುಂಟು 18.04. ಪೈಥಾನ್ ಆಗಲೇ ಇತ್ತು, ಆವೃತ್ತಿ 3.6. ಆದರೆ ಟಿಕಿಂಟರ್ ಎಂಬ ಮಾಡ್ಯೂಲ್ ಇಲ್ಲ ಎಂಬ ಸಂದೇಶ. ವಿಂಡೋಸಿನ ಇನ್‌ಸ್ಟಾಲರ್ ಟಿಕಿಂಟರನ್ನು ಜೊತೆಗೇ ತರುತ್ತದೆ. ಉಬುಂಟುವಿನಲ್ಲಿ ಅದು 'ಪೈಥಾನ್3-ಟಿಕೆ' ಎಂಬ ಪ್ರತ್ಯೇಕ ಪ್ಯಾಕೇಜು. ಮೊಬೈಲಿನ ಇಂಟರ್‌ನೆಟ್ ಹಂಚಿಕೊಂಡು ಹಾಕಿದೆ. ಕಿಟಕಿಯನ್ನು ಪೂರ್ತಿ ದೊಡ್ಡದು ಮಾಡುವ 'ಜೂಮ್ಡ್' ಎಂಬ ಸ್ಥಿತಿ ವಿಂಡೋಸಿನಲ್ಲಿ ನಡೆಯುವಂತೆ ಅಲ್ಲಿ ನಡೆಯಲಿಲ್ಲ, ಅದನ್ನು ಗುಣಲಕ್ಷಣವಾಗಿ ಬೇರೆ ರೀತಿ ಕೊಡಬೇಕು. ಐಕಾನ್‌ನ ಐಸಿಒ ಫೈಲನ್ನೂ ಒಪ್ಪಲಿಲ್ಲ, ಪಿಎನ್‌ಜಿ ಕೊಟ್ಟೆ. ಕಿಟಕಿ ತೆರೆಯಿತು, ಬಟನ್ ಒತ್ತಿದರೆ ಅಂಕ ಏರಿತು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಮೊದಲ ಪ್ರಶ್ನೆ 'ಕಾವೇರಿ-ಕಪಿಲಾ ಸಂಗಮ' ಕುರಿತದ್ದು, ಅದು ಓದುವಂತಿತ್ತು. ಮುಂದಿನವನ್ನು ನೋಡದೆ ಹೊರಟೆ.

ಪಾಠದ ದಿನ ಗುಂಪಿಗೊಬ್ಬರಂತೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಬೇಕಿತ್ತು. ಮೂರನೆಯ ಗುಂಪಿನ ಹುಡುಗಿ ಓದಲು ಎದ್ದಳು. ಓದಿನಲ್ಲಿ ಹಿಂದಿದ್ದಾಳೆಂದು ತರಗತಿ ಶಿಕ್ಷಕರು ಮೊದಲೇ ಹೇಳಿದ್ದರು. ಪ್ರಶ್ನೆಯಲ್ಲಿ 'ಸ್ಫಟಿಕ ಸರೋವರ' ಎಂಬ ಮಾತಿತ್ತು. ತ್ರಿವೇಣಿ ಸಂಗಮದ ಮೂರನೆಯ, ಕಣ್ಣಿಗೆ ಕಾಣದ ನೀರು ಅದು ಎಂದು ಊರವರೆಲ್ಲ ಹೇಳುವ ಹೆಸರು. ಅವಳು 'ಸ... ಫ...' ಎಂದು ನಿಂತಳು. ನಾನು ಕೊಠಡಿಯ ಇನ್ನೊಂದು ತುದಿಯಲ್ಲಿದ್ದೆ. ಪರದೆ ನೋಡದೆ, "ಸರಿಯಾಗಿ ನೋಡಿ ಓದಮ್ಮ, ನಿಮ್ಮೂರಿನ ಹೆಸರೇ ಅಲ್ಲವಾ" ಎಂದೆ. ಒಂದಿಬ್ಬರು ನಕ್ಕರು. "ನಂಗ್ ಓದಕ್ ಬರಕಿಲ್ಲ ಮಿಸ್" ಎಂದು ಅವಳು ಕೂತುಬಿಟ್ಟಳು.

ಹತ್ತಿರ ಹೋಗಿ ನೋಡಿದರೆ ಪರದೆಯ ಮೇಲೆ 'ಸ್ಫ' ಎಂಬ ಅಕ್ಷರವೇ ಇರಲಿಲ್ಲ. 'ಸ' ಬೇರೆ, ಪಕ್ಕದಲ್ಲಿ ಒಂದು ಕೊಕ್ಕೆ, ಆಮೇಲೆ 'ಫ'. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿತ್ತು. ಅವಳು ಇದ್ದದ್ದನ್ನು ಇದ್ದಂತೆಯೇ ಓದಿದ್ದಳು. ತಪ್ಪು ಯಂತ್ರದ್ದು ಎಂದು ಅಲ್ಲೇ ಎಲ್ಲರಿಗೂ ಹೇಳಿದೆ, ಆದರೆ ಆ ಗಂಟೆ ಪೂರ್ತಿ ಅವಳು ಮತ್ತೆ ಬಾಯಿ ತೆರೆಯಲಿಲ್ಲ. ನನ್ನ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಮಗುವನ್ನು ತಿದ್ದುವ ಮೊದಲು ಮಗು ನೋಡುತ್ತಿರುವುದನ್ನು ನೀವು ನೋಡಿರಲಿಲ್ಲ.

ಕನ್ನಡ ಪರದೆಯ ಮೇಲೆ ಕೆಡುವುದು ಮೂರು ಬಗೆ, ಮೂರಕ್ಕೂ ಮದ್ದು ಬೇರೆ ಬೇರೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬಂದರೆ ಫಾಂಟ್ ಇಲ್ಲ ಎಂದರ್ಥ; ಫಾಂಟ್ ಹಾಕಿದರೆ ಮುಗಿಯಿತು. ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಪಠ್ಯ ಯೂನಿಕೋಡ್‌ನಲ್ಲಿ ಇಲ್ಲ. ಹಳೆಯ ನುಡಿಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ತಂದು ಅಂಟಿಸಿದಾಗ ಹೀಗಾಗುತ್ತದೆ, ಅಲ್ಲಿ ಕನ್ನಡದ ಆಕಾರಗಳು ರೋಮನ್ ಸಂಕೇತಗಳ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ಅದಕ್ಕೆ ಪರಿವರ್ತಕ ಬೇಕು. ನನ್ನದು ಮೂರನೆಯ ಬಗೆ: ಫಾಂಟ್ ಇದೆ, ಯೂನಿಕೋಡ್ ಇದೆ, ಜೋಡಣೆ ಇಲ್ಲ.

ಯೂನಿಕೋಡ್‌ನಲ್ಲಿ 'ಶ್ರೀ' ಎಂಬುದು ಒಂದು ಅಕ್ಷರವಲ್ಲ, ನಾಲ್ಕು ಸಂಕೇತಗಳ ಸಾಲು: ಶ, ಹಲಂತ ಚಿಹ್ನೆ, ರ, ದೀರ್ಘ ಈಕಾರ. ಪೈಥಾನ್‌ಗೆ ಇದರ ಉದ್ದ ಕೇಳಿದರೆ 4 ಎನ್ನುತ್ತದೆ. ಈ ನಾಲ್ಕನ್ನು ನೋಡಿ, ರಕಾರ ಒತ್ತಾಗಬೇಕು, ಈಕಾರ ಶಕಾರಕ್ಕೆ ಅಂಟಬೇಕು ಎಂದು ನಿರ್ಧರಿಸಿ ಫಾಂಟಿನೊಳಗಿಂದ ತಕ್ಕ ಆಕಾರ ಆರಿಸುವ ಒಂದು ಅಚ್ಚುಮೊಳೆ ಜೋಡಿಸುವವನು ಬೇಕು. ವಿಂಡೋಸಿನಲ್ಲಿ ಆ ಕೆಲಸ ವ್ಯವಸ್ಥೆಯೇ ಮಾಡಿಕೊಡುತ್ತದೆ, ಟಿಕೆ ಪಠ್ಯವನ್ನು ಅದರ ಕೈಗೆ ಕೊಟ್ಟರೆ ಸಾಕು. ಲಿನಕ್ಸಿನಲ್ಲಿ ಆ ಕೆಲಸ ಹಾರ್ಫ್‌ಬಜ್, ಪ್ಯಾಂಗೊ ಎಂಬ ಲೈಬ್ರರಿಗಳದ್ದು. ಅಲ್ಲಿದ್ದ ಟಿಕೆ ಅವುಗಳ ಹತ್ತಿರ ಹೋಗುವುದೇ ಇಲ್ಲ. ಸಂಕೇತಕ್ಕೊಂದು ಆಕಾರದಂತೆ ಸಾಲಾಗಿ ಬರೆದುಬಿಡುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಅದೇ ವಾಕ್ಯವನ್ನು ಅದೇ ಯಂತ್ರದ ಟೆಕ್ಸ್ಟ್ ಎಡಿಟರಿನಲ್ಲಿ ಅಂಟಿಸಿದೆ. ಅಲ್ಲಿ ಸರಿಯಾಗಿ ಬಂತು. ಅಂದರೆ ಫಾಂಟ್ ನಿರಪರಾಧಿ, ಫೈಲೂ ನಿರಪರಾಧಿ. ಒಂದೇ ಸಂಗತಿಯನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಡುವ ಈ ಪರೀಕ್ಷೆ ವಿಜ್ಞಾನದ ಪಾಠದಲ್ಲಿ ನಾವೇ ಮಕ್ಕಳಿಗೆ ಹೇಳುವಂಥದ್ದು. ಒತ್ತಿಲ್ಲದ ಪದಗಳು ಓದುವಂತೆ ಬಂದಿದ್ದರಿಂದಲೇ ಮೊದಲ ಪ್ರಶ್ನೆ ನನ್ನನ್ನು ಮೋಸಗೊಳಿಸಿದ್ದು.

ಎರಡನೆಯ ಸಲದ ಪಾಠಕ್ಕೆ ಸುಲಭದ ದಾರಿ ಹಿಡಿದೆ. ಹದಿನೈದು ಪ್ರಶ್ನೆಗಳನ್ನೂ ಉತ್ತರಗಳನ್ನೂ ಲಿಬ್ರೆಆಫೀಸ್ ಡ್ರಾದಲ್ಲಿ ದೊಡ್ಡಕ್ಷರದಲ್ಲಿ ಬರೆದು ಪಿಎನ್‌ಜಿ ಚಿತ್ರಗಳಾಗಿ ಉಳಿಸಿ, ಪ್ರೋಗ್ರಾಮಿನಲ್ಲಿ ಪಠ್ಯದ ಬದಲು ಚಿತ್ರ ತೋರಿಸಿದೆ. ಚಿತ್ರಕ್ಕೆ ಜೋಡಣೆಯ ಹಂಗಿಲ್ಲ. ನಂಜನಗೂಡಿಗೂ ಅದೇ ನಡೆಯುತ್ತದೆ. ಒಂದು ಕಾಗುಣಿತ ತಪ್ಪಿದರೆ ಮತ್ತೆ ಚಿತ್ರ ಮಾಡಬೇಕು ಎಂಬ ಕಿರಿಕಿರಿ ಇದೆ. ವೆಬ್ ಪುಟವಾಗಿ ಬರೆದಿದ್ದರೆ ಬ್ರೌಸರ್ ಎರಡೂ ಕಡೆ ಅಕ್ಷರ ಜೋಡಿಸಿಕೊಡುತ್ತಿತ್ತಲ್ಲ ಎಂದು ಮಾರ್ಗದರ್ಶಕರು ಕೇಳಿದರು. ನಿಜ. ಬರೀ ಪ್ರಶ್ನೋತ್ತರಕ್ಕೆ ಅದೇ ಒಳ್ಳೆಯದು. ನನಗೆ ಬರುತ್ತಿದ್ದದ್ದು ಪೈಥಾನ್, ಆದ್ದರಿಂದ ಅದನ್ನು ಹಿಡಿದೆ ಎಂಬುದಷ್ಟೇ ನನ್ನ ಉತ್ತರ.

ಈಗ ಯಾವ ಶಾಲೆಗೆ ಹೋದರೂ ಮೊದಲು ನಡೆಸುವುದು ಆರು ಸಾಲಿನ ಒಂದು ಫೈಲು. ಅದು ವ್ಯವಸ್ಥೆಯ ಹೆಸರು, ಪೈಥಾನ್ ಆವೃತ್ತಿ, ಟಿಕೆ ಆವೃತ್ತಿ, ಪರದೆಯ ಅಗಲ-ಎತ್ತರ ಹೇಳುತ್ತದೆ, ಮತ್ತು ಒಂದು ಕಿಟಕಿಯಲ್ಲಿ 'ಕಮಲ', 'ಶ್ರೀಕಂಠೇಶ್ವರ', 'ಸ್ಫಟಿಕ' ಎಂದು ತೋರಿಸುತ್ತದೆ. ಅದರ ಫಲಿತಾಂಶವನ್ನು ಪಾಠಯೋಜನೆಯ ಬೋಧನೋಪಕರಣ ಅಂಕಣದಲ್ಲಿ ಬರೆದಿಡುತ್ತೇನೆ. ಫೈಲಿನ ಹೆಸರಿನ ಬಗ್ಗೆ ಒಂದು ಎಚ್ಚರ: ಅದಕ್ಕೆ ಟಿಕಿಂಟರ್ ಎಂದೇ ಹೆಸರಿಡಬಾರದು. ಒಬ್ಬ ಹುಡುಗ ಹಾಗೆ ಇಟ್ಟ. ಪೈಥಾನ್ ನಿಜವಾದ ಲೈಬ್ರರಿಯನ್ನು ಬಿಟ್ಟು ಅವನ ಫೈಲನ್ನೇ ತೆರೆಯಿತು, ಅರ್ಧ ಗಂಟೆ ಹೋಯಿತು.

ಎರಡನೆಯ ಪಾಠ ಮುಗಿದ ಮೇಲೆ ಈ ಪರೀಕ್ಷೆಯ ಫೈಲನ್ನು ಮಕ್ಕಳಿಗೆ ಕೊಟ್ಟು, ನಿಮ್ಮ ನಿಮ್ಮ ಹೆಸರು ಹಾಕಿ ನೋಡಿ, ಯಾರದು ಒಡೆಯುತ್ತದೆ ಎಂದೆ. ಕೊಠಡಿ ತುಂಬ ಗದ್ದಲ. ಒತ್ತಿಲ್ಲದ ಹೆಸರಿನವರು ಪಾಸು, ಒತ್ತಿದ್ದವರು ಫೇಲು ಎಂದು ಅವರೇ ಪಟ್ಟಿ ಮಾಡಿದರು. ಆ ಹುಡುಗಿಯ ಹೆಸರಿನಲ್ಲಿ ಒತ್ತಕ್ಷರವಿತ್ತು. "ನನ್ ಹೆಸ್ರೂ ಒಡದೋಯ್ತದೆ ಮಿಸ್, ಯಾಕೆ ಗೊತ್ತಾ" ಎಂದು ಅವಳೇ ಪಕ್ಕದವಳಿಗೆ ಕೊಕ್ಕೆಯನ್ನು ತೋರಿಸಿ ವಿವರಿಸತೊಡಗಿದಳು.

ಆಮೇಲೆ ಅವಳು ಕೇಳಿದ್ದು, ಕಿಟಕಿಯ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿದರೆ ಸರಿಯಾಗಿ ಕಾಣಬೇಕು, ಆಗುತ್ತಾ ಎಂದು. ಚಿತ್ರದ ಉಪಾಯ ಅಲ್ಲಿ ನಡೆಯದು. ಉಬುಂಟುವಿನಲ್ಲಿ ಮೊದಲೇ ಇರುವ ಜಿಟಿಕೆ ಎಂಬ ಇನ್ನೊಂದು ಲೈಬ್ರರಿ ಪ್ಯಾಂಗೊ ಮೂಲಕ ಬರೆಯುತ್ತದೆ. ಹಂತದ ಕೊನೆಯ ದಿನ ಅದರಲ್ಲಿ ಒಂದೇ ಒಂದು ಪೆಟ್ಟಿಗೆಯ ಕಿಟಕಿ ಮಾಡಿ ಕೊಟ್ಟೆ. ಅವಳ ಹೆಸರು ಒತ್ತಿನ ಸಮೇತ ಬಂತು. ನಂಜನಗೂಡಿನ ವಿಂಡೋಸ್ 7ರಲ್ಲಿ ಅದೇ ಜಿಟಿಕೆಯನ್ನು ಕೂರಿಸುವುದು ಟಿಕಿಂಟರಿಗಿಂತ ದೊಡ್ಡ ತಲೆನೋವು, ಅದನ್ನು ಇನ್ನೂ ಮಾಡಿಲ್ಲ.