ನಡುಹೆಸರಾಗಿ ಉಳಿದ ವಿಠಲ

ಮುಂಬೈಯ ಪವಾಯಿಯ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ಮಗುವಿಗೆ ವಿಠಲನೆಂದು ಹೆಸರಿಡುವವರು ಈಗ ಅಪರೂಪ. ಆದರೂ ಹೆಸರು ಅಳಿದಿಲ್ಲ. ಮಹಾರಾಷ್ಟ್ರದ ರೂಢಿಯಲ್ಲಿ ಮಗನ ಹೆಸರಿಗೂ ಅಡ್ಡಹೆಸರಿಗೂ ನಡುವೆ ಅಪ್ಪನ ಹೆಸರು ಬರುತ್ತದೆ. ಇಲ್ಲಿನ ಐಐಟಿ ಆರಂಭವಾದ 1958ರ ಆಸುಪಾಸಿನಲ್ಲಿ ಹುಟ್ಟಿದ ಎಷ್ಟೋ ವಿಠಲರು ಇಂದು ಮಕ್ಕಳ ಆಧಾರ್ ಕಾರ್ಡಿನ ನಡುವೆ ಬದುಕಿದ್ದಾರೆ.

ಊರು ಬಿಟ್ಟು ಮುಂಬೈಗೆ ಬಂದ ಕನ್ನಡಿಗರಿಗೆ ಇಲ್ಲಿ ಹೊಸದೆನಿಸದ ಹೆಸರು ಇದು. ವಡಾಲಾದ ವಿಠ್ಠಲ ಮಂದಿರದಲ್ಲಿ ಆಷಾಢ ಏಕಾದಶಿಯಂದು ನೂಕುನುಗ್ಗಲು. ಈ ಮಂದಿರವನ್ನು ‘ಪ್ರತಿ ಪಂಢರಪುರ’ ಎಂದೇ ಕರೆಯುತ್ತಾರೆ. ಪಂಢರಪುರದ ದೇವರಾದ ವಿಠ್ಠಲನನ್ನು ಹದಿಮೂರನೆಯ ಶತಮಾನದ ಜ್ಞಾನೇಶ್ವರರೇ ಕನ್ನಡದವನು, ಕರ್ನಾಟಕದವನು ಎಂದು ಹಾಡಿದ್ದಾರೆ. ಮರಾಠಿ ಸಂತರ ಬಾಯಿಂದ ಬಂದ ಈ ಮಾತಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಹೆಸರಿನ ಮೂಲದ ಬಗ್ಗೆ ಜಗಳ ಮುಗಿದಿಲ್ಲ. ‘ವೀಟ್’ ಎಂದರೆ ಇಟ್ಟಿಗೆ, ಅದರ ಮೇಲೆ ನಿಂತವನು ವಿಠ್ಠಲ ಎನ್ನುವುದು ಮರಾಠಿ ಜನರ ನಂಬಿಕೆ. ವಿದ್ವಾಂಸ ಆರ್.ಜಿ. ಭಂಡಾರಕರರು ಮಾತ್ರ ವಿಷ್ಣು ಎಂಬುದೇ ಕನ್ನಡದ ಬಾಯಲ್ಲಿ ಸವೆದು ವಿಠ್ಠು ಆಯಿತೆಂದರು. ಹೊಯ್ಸಳ ವಿಷ್ಣುವರ್ಧನ ಬಿಟ್ಟಿದೇವನೂ ಆಗಿದ್ದನ್ನು ನೆನೆದರೆ ಈ ವಾದವೇ ನನಗೆ ಹತ್ತಿರವೆನಿಸುತ್ತದೆ. ಮರಾಠಿ ಸಂಶೋಧಕ ರಾ.ಚಿಂ. ಢೇರೆ ಬೇರೆ ದಾರಿ ಹಿಡಿದರು. 1984ರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಗ್ರಂಥದಲ್ಲಿ ಅವರು ವಿಠ್ಠಲನ ಬೇರುಗಳನ್ನು ದಖ್ಖನಿನ ಕುರಿಗಾಹಿಗಳ ನಡುವೆ ಹುಡುಕಿದರು.

ಇನ್ನು ರೂಪಗಳು. ಮರಾಠಿಯಲ್ಲಿ ‘ಬಾ’ ಸೇರಿ ವಿಠೋಬಾ, ತಾಯಿಯೆಂದು ಕರೆದಾಗ ವಿಠಾಈ, ಸಲುಗೆಯಲ್ಲಿ ವಿಠು. ನಮ್ಮಲ್ಲಿ ವಿಠಲ, ವಿಠ್ಠಲ, ವಿಠಪ್ಪ, ವಿಠಲರಾಯ. ಪಾಂಡುರಂಗ, ಪಂಢರಿನಾಥರೂ ಅವನೇ. ದಾಸರ ಅಂಕಿತಗಳಲ್ಲಂತೂ ಈ ಹೆಸರಿನ ಸಂತೆಯೇ ಇದೆ: ಶ್ರೀಪಾದರಾಜರದು ರಂಗವಿಠಲ, ಪುರಂದರದಾಸರದು ಪುರಂದರವಿಠಲ, ವಿಜಯದಾಸರದು ವಿಜಯವಿಠಲ. 2017ರಲ್ಲಿ ಬಂದ ಐವತ್ತರ ನೋಟಿನ ಹಿಂಬದಿಯ ಕಲ್ಲಿನ ರಥ ನಿಂತಿರುವುದೂ ಹಂಪಿಯ ವಿಠಲನ ಅಂಗಳದಲ್ಲೇ.

ಇಂಗ್ಲಿಷಿಗೆ ಇಳಿದಾಗ ತೊಡಕು. ‘ಟಿ’ ಒಂದೋ ಎರಡೋ, ‘ಎಚ್’ ಬೇಕೋ ಬೇಡವೋ ಎಂದು ಒಬ್ಬೊಬ್ಬ ಗುಮಾಸ್ತರದು ಒಂದೊಂದು ಬರವಣಿಗೆ. ಊರಿನ ಶಾಲೆಯ ದಾಖಲೆಯಲ್ಲಿ ಒಂದು, ಮುಂಬೈಯ ಪಾನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಮಗನ ಪಾಸ್‌ಪೋರ್ಟಿನವರೆಗೂ ಅದರ ತಾಪತ್ರಯ ತಪ್ಪದು.

ಮನೆಯಲ್ಲಿ ವಿಠಲ ಇದ್ದರೆ ಅವರ ಎಲ್ಲ ಕಾಗದಗಳ ಕಾಗುಣಿತ ಈಗಲೇ ಒಂದಾಗಿಸಿಕೊಳ್ಳಿ. ಮೊಮ್ಮಗ ಹುಟ್ಟಿದಾಗ ಹೆಸರಿನ ಪಟ್ಟಿಯಲ್ಲಿ ಅಜ್ಜನ ಹೆಸರನ್ನೂ ದಯವಿಟ್ಟು ಸೇರಿಸಿ.