ಹಳೇ ಜೀಪು, ಹಸಿ ಡಾಂಬರು

ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ಅದರ ದೊಡ್ಡ ಪಾಲು ಸೆಪ್ಟೆಂಬರಿನ ಆಸುಪಾಸು, ಉತ್ತರಿ, ಹಸ್ತ ಮಳೆಗಳಲ್ಲಿ ಸುರಿದುಹೋಗುತ್ತದೆ. ತಿಕೋಟಾ, ಕಳ್ಳಕವಟಗಿ ಸುತ್ತಿನ ದ್ರಾಕ್ಷಿ ಬೆಳೆಗಾರರಿಗೆ ಚಾಟನಿಯ, ಅಂದರೆ ಬಳ್ಳಿ ಸವರುವ, ಕಾಲವೂ ಆಗಲೇ ಬರುತ್ತದೆ. ಮಳೆ ಬಂತೆಂದು ತೋಟ ಬಿಟ್ಟು ಕೂರುವ ಹಾಗಿಲ್ಲ. ಹಳೇ ಮಹೀಂದ್ರಾ ಜೀಪೋ ಮಾರುತಿ ಜಿಪ್ಸಿಯೋ ಇದ್ದವರ ಗತ್ತು ಆಗ ನೋಡಬೇಕು: "ನಮ್ದು ಫೋರ್ ಬೈ ಫೋರ್ ಐತಿ, ಎಲ್ಲಿ ಬೇಕಾದ್ರೂ ಹೋಗ್ತೈತಿ." ಹೋಗುತ್ತದೆ, ಸುಳ್ಳಲ್ಲ. ಬೇಕೆಂದಾಗ ನಿಲ್ಲುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಮೊದಲು ಮಣ್ಣಿನ ವಿಷಯ. ನಮ್ಮ ಎರಿ ಮಣ್ಣಿನ ಜೇಡಿ ಅತಿ ತೆಳುವಾದ ಪದರಗಳಿಂದಾದದ್ದು. ನೀರು ಪದರಗಳ ನಡುವೆ ನುಸುಳಿ ಮಣ್ಣು ಉಬ್ಬುತ್ತದೆ, ಪದರ ಪದರದ ಮೇಲೆ ಜಾರುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿದ್ದ ನೆಲವೇ ಎರಡು ತಾಸಿನ ಮಳೆಗೆ ರಾಡಿಯಾಗಿ ಟೈರಿನ ಗೆರೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ಇಂಥಲ್ಲಿ ಹಿಂದಿನ ಎರಡೇ ಗಾಲಿ ಎಳೆದರೆ, ಮುಂದೆ ಎಂಜಿನ್ ಹೊತ್ತ ಗಾಲಿಗಳ ಮೇಲಿನ ಭಾರವೆಲ್ಲ ದಂಡ. ನಾಲ್ಕೂ ಎಳೆದಾಗ ಗಾಡಿಯ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ. ತೋಟದ ದಾರಿಯಲ್ಲಿ ಜೀಪು ಗೆಲ್ಲುವುದು ಹೀಗೆ.

ಅದೇ ರಾಡಿ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿಕೊಂಡು ಡಾಂಬರು ರಸ್ತೆಗೂ ಬರುತ್ತದೆ. ಅದರ ಮೇಲೆ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆಯ ಜಿಡ್ಡು. ಮೊದಲ ಜಿಟಿಜಿಟಿ ಮಳೆ ಇವನ್ನೆಲ್ಲ ಕಲಸುತ್ತದೆ, ತೊಳೆಯುವುದಿಲ್ಲ. ಜೋರು ಮಳೆಗಿಂತ ಆ ಮೊದಲ ಅರ್ಧ ತಾಸಿನ ತುಂತುರಿಗೇ ಹೆಚ್ಚು ಹೆದರಬೇಕು.

ಈಗ ಗೇರಿನ ಪಕ್ಕದ ಆ ಚಿಕ್ಕ ಲಿವರ್. ಜಿಪ್ಸಿಯಲ್ಲಿ 2ಎಚ್, 4ಎಚ್, 4ಎಲ್ ಎಂದು ಬರೆದಿರುತ್ತದೆ. 2ಎಚ್‌ನಲ್ಲಿ ಹಿಂದಿನ ಗಾಲಿಗಳಿಗಷ್ಟೇ ಶಕ್ತಿ. 4ಎಚ್‌ಗೆ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಶಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಸೇರಿ ಒಂದೇ ವೇಗದಲ್ಲಿ ತಿರುಗುತ್ತವೆ. 4ಎಲ್‌ನಲ್ಲಿ ವೇಗ ಇಳಿದು ಎಳೆತ ಏರುತ್ತದೆ. ಹೂತ ಗಾಡಿ ಎತ್ತಲಿಕ್ಕೆ ಅದು. ತಿರುವಿನಲ್ಲಿ ಎರಡು ಆಕ್ಸಲ್‌ಗಳ ವೇಗದ ವ್ಯತ್ಯಾಸ ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಈ ಹಳೇ ಗಾಡಿಗಳಲ್ಲಿ ಇಲ್ಲ. ತೊಂದರೆ ಹುಟ್ಟುವುದು ಅಲ್ಲೇ.

ಹೊಲದ ತುದಿಯಲ್ಲಿ ನೇಗಿಲು ಹೊರಳಿಸುವಾಗ ಹೊರಗಿನ ಎತ್ತು ಒಳಗಿನದಕ್ಕಿಂತ ಹೆಚ್ಚು ಹೆಜ್ಜೆ ಹಾಕಬೇಕಲ್ಲ, ಗಾಡಿಯ ಮುಂದಿನ ಗಾಲಿಗಳ ಪಾಡೂ ಅದೇ. ಜಿಪ್ಸಿಯ ಆಕ್ಸಲ್‌ಗಳ ನಡುವಿನ ಅಂತರ 2375 ಮಿಲಿಮೀಟರ್. ಹಿಂದಿನ ಆಕ್ಸಲ್ 5 ಮೀಟರ್ ತ್ರಿಜ್ಯದ ಅರ್ಧ ವೃತ್ತ ಸುತ್ತಿದರೆ ಮುಂದಿನದು ಅದಕ್ಕಿಂತ ಒಂದೂವರೆ ಮೀಟರಿಗೂ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ರಾಡಿಯಲ್ಲಾದರೆ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲ: ಶಾಫ್ಟು, ಗೇರುಗಳು ಬಿಗಿದುಕೊಂಡು ಸ್ಟೇರಿಂಗ್ ಭಾರವಾಗುತ್ತದೆ, ಗಾಡಿ ತಿರುಗಲೊಲ್ಲದೆ ನೆಟ್ಟಗೆ ನೂಕುತ್ತದೆ. ಹಸಿ ಡಾಂಬರು ಇವೆರಡರ ನಡುವಿನದು. ಒಂದಿಷ್ಟು ಹೊತ್ತು ಹಿಡಿದು, ಆ ಬಿಗುವೆಲ್ಲ ಯಾವುದೋ ತಿರುವಿನಲ್ಲಿ ಒಮ್ಮೆಲೇ ಸಡಿಲುತ್ತದೆ. ಮಳೆ ಬಂತೆಂದು ಡಾಂಬರಿನ ಮೇಲೆ 4ಎಚ್ ಹಾಕುವವರನ್ನು ನಾನು ಒಪ್ಪುವುದಿಲ್ಲ. ರಾಡಿ ಮುಗಿಯಿತೇ, ಲಿವರ್ 2ಎಚ್‌ಗೆ ಬರಲಿ. ಮುಂದಿನ ಗಾಲಿಗಳ ಹಬ್ ಅನ್ನು ಕೈಯಿಂದ ಲಾಕ್ ಮಾಡುವ ಗಾಡಿಯಾದರೆ ರಾಡಿಗೆ ಇಳಿಯುವ ಮೊದಲೇ ಆ ಕೆಲಸ ಮುಗಿಸಿ. 2ಎಚ್‌ನಲ್ಲಿ ಹಿಂಭಾಗ ಖಾಲಿಯಿದ್ದರೆ ಬಾಲ ಜಾರೀತು; ಎಕ್ಸಿಲರೇಟರ್ ಮೆಲ್ಲಗೆ ಒತ್ತಿ, ಮೆಲ್ಲಗೆ ಬಿಡಿ, ತಿರುವಿನಲ್ಲಿ ದಡಕ್ಕನೆ ಗೇರ್ ಇಳಿಸಬೇಡಿ.

ನಡುವಿನ ಡಿಫರೆನ್ಷಿಯಲ್ ಇರುವ ಕಾರುಗಳ ಕತೆ ಬೇರೆ. 1980ರ ಆಡಿ ಕ್ವಾಟ್ರೋದಿಂದ ಅವು ಹೆಸರಾದವು. 2014ರಲ್ಲಿ ನಮ್ಮಲ್ಲಿಗೆ ಬಂದ ಡಸ್ಟರ್ ಆಲ್ ವೀಲ್ ಡ್ರೈವ್ ಹಿಂದಿನ ಗಾಲಿಗಳನ್ನು ಎಲೆಕ್ಟ್ರಾನಿಕ್ ಕ್ಲಚ್ಚಿನಿಂದ ಬೇಕಾದಾಗ ಸೇರಿಸಿಕೊಳ್ಳುತ್ತದೆ. ಅದನ್ನು ಹಸಿ ರಸ್ತೆಯಲ್ಲಿ ಆಟೋದಲ್ಲೇ ಬಿಡಬಹುದು. ನಾಲ್ಕೂ ಟೈರು ಒಂದೇ ಅಳತೆಯವು, ಒಂದೇ ಸಮ ಸವೆದವು ಆಗಿರಲಿ.

ಬ್ರೇಕಿನ ವಿಷಯಕ್ಕೆ ಬಂದರೆ ಈ ಭೇದವೆಲ್ಲ ಮಾಯ. ಎಲ್ಲ ಕಾರಿಗೂ ಬ್ರೇಕು ನಾಲ್ಕು ಗಾಲಿಗೇ. ತಾಸಿಗೆ 60 ಕಿಲೋಮೀಟರ್ ವೇಗದ ಗಾಡಿ ಒಣ ಡಾಂಬರಿನಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 20 ಮೀಟರಿಗೆ ನಿಂತರೆ, ಹಸಿ ಡಾಂಬರಿನಲ್ಲಿ 35 ಬೇಕು, ರಾಡಿ ಮೆತ್ತಿದ ಕಡೆ 70 ಆದರೂ ಆದೀತು. ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಮತ್ತೆ 17 ಮೀಟರ್. 1966ರಲ್ಲಿ ಇಂಗ್ಲೆಂಡಿನ ಜೆನ್ಸನ್ ಎಫ್ಎಫ್ ಕಾರು ನಾಲ್ಕು ಗಾಲಿಯ ಎಳೆತದೊಂದಿಗೆ ಬಂದಾಗ, ಗಾಲಿ ಬಿಗಿದು ನಿಲ್ಲದಂತೆ ತಡೆಯುವ ಬ್ರೇಕನ್ನೂ ವಿಮಾನದಿಂದ ತಂದು ಜೋಡಿಸಿದ್ದರು. ಒಂದರ ಕೆಲಸ ಇನ್ನೊಂದು ಮಾಡದೆಂದು ಕಟ್ಟಿದವರಿಗೆ ಗೊತ್ತಿತ್ತು. ನಮ್ಮ ಹಳೇ ಜೀಪುಗಳಲ್ಲಿ ಎಬಿಎಸ್ ಎನ್ನುವ ಆ ಬ್ರೇಕು ಇಲ್ಲ. ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದದ್ದೇ 2019ರ ಏಪ್ರಿಲಿನಿಂದ.

ಇನ್ನೊಂದು ಮೋಸವಿದೆ. ಸಾದಾ ಗಾಡಿ ಹಸಿ ರಸ್ತೆಯಲ್ಲಿ ಹೊರಡುವಾಗಲೇ ಗಾಲಿ ಗಿರ್ರೆಂದು ತಿರುಗಿ "ಜಾರತೈತಿ" ಎಂದು ಹೇಳಿಬಿಡುತ್ತದೆ. ಫೋರ್ ಬೈ ಫೋರ್ ಹಾಗೆ ಹೇಳುವುದಿಲ್ಲ, ಎಳೆತ ನಾಲ್ಕು ಕಡೆ ಹಂಚಿಹೋಗಿ ಒಂದೂ ಜಾರುವುದಿಲ್ಲ. ರಸ್ತೆ ಎಷ್ಟು ನುಣುಪೆಂದು ಚಾಲಕನಿಗೆ ತಿಳಿಯುವುದು ಬ್ರೇಕ್ ಹಿಡಿದಾಗ.

ಎಲ್ಲಕ್ಕಿಂತ ಟೈರು ದೊಡ್ಡದು. ಅಂಚಿನಲ್ಲಿ ನಾಲ್ಕು ಅಂಕಿ ಇರುತ್ತವೆ: 3514 ಎಂದಿದ್ದರೆ 2014ರ 35ನೇ ವಾರ ತಯಾರಾದದ್ದು. ತೋಟಕ್ಕಷ್ಟೇ ಓಡಿದ ಜೀಪಿನ ಟೈರಿನಲ್ಲಿ ಗೆರೆ ಉಳಿದರೂ ರಬ್ಬರು ಬಿಸಿಲಿಗೆ ಗಡುಸಾಗಿ ಹಸಿ ರಸ್ತೆ ಹಿಡಿಯುವುದಿಲ್ಲ. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಸ್ಸು ಮುಗಿದಂತೆ. ಸವೆದ ಟೈರು ನಿಂತ ನೀರಿನ ಮೇಲೆ ತೇಲಲು ಶುರುಮಾಡುವ ವೇಗ ಗಾಳಿಯ ಒತ್ತಡದ ಮೇಲೆ ನಿಂತಿದೆ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳಿಂದ ಕಂಡುಕೊಂಡ ಸೂತ್ರದಂತೆ 30 ಪೌಂಡ್ ಗಾಳಿಯಿದ್ದರೆ ತಾಸಿಗೆ ಸುಮಾರು 90 ಕಿಲೋಮೀಟರ್, 20 ಪೌಂಡಿಗೆ 75. ರಾಡಿಗೆಂದು ಗಾಳಿ ಇಳಿಸಿದವರು ಡಾಂಬರು ಹತ್ತುವ ಮೊದಲು ತುಂಬಿಸಿಕೊಳ್ಳಬೇಕು.

ಕೊನೆಗೆ ಹಳ್ಳ. ಹಳೇ ಜೀಪಿನ ಡ್ರಮ್ ಬ್ರೇಕಿನೊಳಗೆ ನೀರು ಹೊಕ್ಕರೆ ಪೆಡಲ್ ಒತ್ತಿದರೂ ಹಿಡಿತ ಇರುವುದಿಲ್ಲ; ದಾಟಿದ ಮೇಲೆ ನಿಧಾನ ಓಡಿಸುತ್ತ ಹಗುರವಾಗಿ ಬ್ರೇಕ್ ಒತ್ತಿ ಒಣಗಿಸಿ. ಆದರೆ ಜತ್ತದ ಕಡೆ ಹುಟ್ಟಿ ಸಾರವಾಡದ ಬಳಿ ಹಾದು ತಾಳಿಕೋಟೆಯಲ್ಲಿ ಸೇತುವೆ ಮುಳುಗಿಸುವ ಡೋಣಿ ಹೊಳೆ ಬಂದಾಗ ಈ ಉಪಾಯ ನಡೆಯದು. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು, ಎರಡಡಿ ಇದ್ದರೆ ಜೀಪೂ ತೇಲಿಹೋಗುತ್ತದೆ. ನೆಲ ಬಿಟ್ಟ ಗಾಲಿಗೆ ಎಳೆತ ಎಷ್ಟಿದ್ದರೇನು? ಸೇತುವೆ ಮೇಲೆ ನೀರು ಕಂಡರೆ ದಯವಿಟ್ಟು ಗಾಡಿ ಹೊರಳಿಸಿ, ಸುತ್ತು ಹಾಕಿಯೇ ಊರು ಸೇರಿ.