ಮನೆಯ ಚಟ್ನಿಪುಡಿ ಸಂತೆಗೆ ಹೊರಟಾಗ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಸಾರಿನ ಪುಡಿ, ಶೇಂಗಾ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಇಂದಿಗೂ ಮನೆಯಲ್ಲೇ ಸಿದ್ಧವಾಗುತ್ತವೆ. ಇವುಗಳನ್ನು ರೈತರ ವಾರದ ಸಂತೆಯಲ್ಲೋ, ಸಂಘದ ಉತ್ಸವದ ಮಳಿಗೆಯಲ್ಲೋ ಮಾರಾಟಕ್ಕಿಡುವ ಹಂಬಲ ಅನೇಕ ಗೃಹಿಣಿಯರಲ್ಲಿದೆ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಹಪ್ಪಳದ ಕಾಯಕವೇ ಲಿಜ್ಜತ್ ಸಂಸ್ಥೆಯಾಗಿ ಬೆಳೆಯಿತು. ಆದ್ದರಿಂದ ಇಂತಹ ಪ್ರಯತ್ನಗಳನ್ನು ಸಣ್ಣವೆಂದು ಕಡೆಗಣಿಸಲಾಗದು. ಆದರೆ ಹೊಸ್ತಿಲು ದಾಟುವ ಮುನ್ನ ಕೆಲವು ನಿಯಮಗಳನ್ನು ಅರಿತಿರುವುದು ಅಗತ್ಯ.

"ವರ್ಷಕ್ಕೆ ಒಂದೆರಡು ಬಾರಿ ಮಾರುವ ನಮಗೇಕೆ ಕಾನೂನು?" ಎಂಬ ಮಾತು ಆಗಾಗ ಕೇಳಿಬರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 31ನೆಯ ಕಲಮು ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ಸಣ್ಣ ತಯಾರಕರು, ಗುಡಿ ಕೈಗಾರಿಕೆಯವರು, ತಾತ್ಕಾಲಿಕ ಮಳಿಗೆಯವರು ಪರವಾನಗಿ ಪಡೆಯಬೇಕಿಲ್ಲ. ಆದರೆ ನೋಂದಣಿ ಮಾಡಿಸಿಕೊಳ್ಳಲೇಬೇಕು. ಧಾರ್ಮಿಕ, ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ವಿತರಿಸುವವರನ್ನೂ 2011ರ ನಿಯಮಾವಳಿ ಇದೇ ವರ್ಗಕ್ಕೆ ಸೇರಿಸಿತು. ಹಾಗಾಗಿ ಸಂಘದ ಅಂಗಳವೆಂಬ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ.

ನೋಂದಣಿ ಕಷ್ಟದ ಕೆಲಸವೇನಲ್ಲ. ಪ್ರಾಧಿಕಾರದ 'ಫಾಸ್ಕಾಸ್' ಜಾಲತಾಣದಲ್ಲಿ ಭಾವಚಿತ್ರ ಹಾಗೂ ಗುರುತಿನ ದಾಖಲೆಯೊಡನೆ ಅರ್ಜಿ ಸಲ್ಲಿಸಬಹುದು. 2011ರ ನಿಯಮಾವಳಿಯು ವಾರ್ಷಿಕ 12 ಲಕ್ಷ ರೂಪಾಯಿವರೆಗಿನ ವಹಿವಾಟನ್ನು ಸಣ್ಣ ಉದ್ದಿಮೆಯೆಂದು ಗುರುತಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ನಿಗದಿಪಡಿಸಿತ್ತು. ಅರ್ಜಿ ಸಲ್ಲಿಸುವಾಗ ಚಾಲ್ತಿಯಲ್ಲಿರುವ ಶುಲ್ಕವನ್ನು ಅದೇ ತಾಣದಲ್ಲಿ ನೋಡಿಕೊಳ್ಳಬೇಕು. ದೊರೆತ ಪ್ರಮಾಣಪತ್ರವನ್ನು ಮಳಿಗೆಯಲ್ಲಿ ಎದ್ದು ಕಾಣುವಂತೆ ಇಡಬೇಕು. ಅದರಲ್ಲಿರುವ 14 ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲಿರಬೇಕು.

ಇನ್ನು ಚೀಟಿಯ ವಿಚಾರ. ಪದಾರ್ಥದ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ತಯಾರಿಸಿದ ಹಾಗೂ ಬಳಕೆಯ ಕೊನೆಯ ದಿನಾಂಕ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ಸಸ್ಯಾಹಾರದ ಹಸಿರು ಗುರುತು ಇವೆಲ್ಲವೂ ಬೇಕು. ಬಳಸಿದ ಸಾಮಗ್ರಿಗಳನ್ನು ಹೆಚ್ಚು ತೂಕದಿಂದ ಕಡಿಮೆ ತೂಕದ ಕ್ರಮದಲ್ಲಿ ಬರೆಯಬೇಕು. ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ: ಈ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಕನ್ನಡದಲ್ಲೂ ಬರೆಯಲು ಅಡ್ಡಿಯಿಲ್ಲ, ಬರೆಯುವುದು ಚಂದವೂ ಹೌದು; ಆದರೆ ಕನ್ನಡವೊಂದೇ ಸಾಲದು.

ಅಲರ್ಜಿ ಉಂಟುಮಾಡಬಲ್ಲ ವಸ್ತುಗಳ ಉಲ್ಲೇಖವೂ ಕಡ್ಡಾಯ. ಶೇಂಗಾ, ಗೋಡಂಬಿ, ಹಾಲು, ಸೋಯಾ, ಗೋಧಿ ಮುಂತಾದವು ಈ ಪಟ್ಟಿಯಲ್ಲಿವೆ. ಅಂಗಡಿಯಿಂದ ತರುವ ಸಾಮಾನ್ಯ ಇಂಗಿನಲ್ಲಿ ಬಹುತೇಕ ಗೋಧಿ ಹಿಟ್ಟು ಬೆರೆತಿರುತ್ತದೆ. ಹೀಗಾಗಿ ಗೋಧಿಯ ಸುಳಿವೇ ಇಲ್ಲವೆಂದು ನಾವು ಭಾವಿಸುವ ಸಾರಿನ ಪುಡಿಯೂ ಗೋಧಿ ಒಗ್ಗದವರಿಗೆ ತೊಂದರೆ ತಂದೀತು. ಶೇಂಗಾ ಅಲರ್ಜಿಯುಳ್ಳ ಮಗುವಿಗಂತೂ ಒಂದು ಚಿಟಿಕೆ ಪುಡಿಯೇ ಪ್ರಾಣಾಪಾಯವಾಗಬಹುದು. ಮನೆಗೆ ಬಂದ ಅತಿಥಿಯನ್ನು ನಾವು ಕೇಳಿ ಬಡಿಸುತ್ತೇವೆ; ಅಪರಿಚಿತ ಗ್ರಾಹಕನ ಮನೆಯಲ್ಲಿ ನಮ್ಮ ಪರವಾಗಿ ಮಾತನಾಡುವುದು ಆ ಚೀಟಿಯೊಂದೇ.

ಸಾಂಬಾರ ಪದಾರ್ಥಗಳ ಪುಡಿಗಳನ್ನು ಬಿಡಿಯಾಗಿ ಅಳೆದು ಮಾರುವಂತಿಲ್ಲ. ಪೊಟ್ಟಣ ಕಟ್ಟಿಯೇ ಮಾರಬೇಕು. ತಿನಿಸನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಡುವುದನ್ನು 2018ರ ಪ್ಯಾಕೇಜಿಂಗ್ ನಿಯಮಾವಳಿ ನಿಷೇಧಿಸಿದೆ. ಮುದ್ರಣದ ಶಾಯಿ ಆಹಾರಕ್ಕೆ ಅಂಟಿ ಹೊಟ್ಟೆ ಸೇರುವುದೇ ಇದಕ್ಕೆ ಕಾರಣ. ಉಪ್ಪಿನ ಬಲದಿಂದಲೇ ಕೆಡದಂತಿರಬೇಕಾದ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡಾ 12ಕ್ಕಿಂತ ಕಡಿಮೆಯಿರಬಾರದು. ಎಣ್ಣೆಯ ಉಪ್ಪಿನಕಾಯಿಯಲ್ಲಿ ಹೋಳುಗಳು ಎಣ್ಣೆಯಲ್ಲಿ ಮುಳುಗಿರಬೇಕು. ಉಪ್ಪು ಹಿಡಿಯದೆ, ತೇವ ತಾಗಿಸದೆ ಜಾಡಿ ತುಂಬುತ್ತಿದ್ದ ನಮ್ಮ ಅಜ್ಜಿಯರ ಪದ್ಧತಿಗೆ ಇದೇನೂ ಹೊಸತಲ್ಲ.

ಕೊನೆಯದಾಗಿ, ನೋಂದಣಿ ಬೇರೆ, ಸಂತೆಯಲ್ಲಿ ಜಾಗ ಪಡೆಯುವುದು ಬೇರೆ. 1999ರಲ್ಲಿ ಆರಂಭವಾದ ಆಂಧ್ರದ ರೈತು ಬಜಾರ್ ಹಾಗೂ ತಮಿಳುನಾಡಿನ ಉಳವರ್ ಸಂದೈಗಳು ಮುಖ್ಯವಾಗಿ ರೈತರು ತಮ್ಮ ಬೆಳೆಯನ್ನು ನೇರವಾಗಿ ಮಾರಲೆಂದೇ ರೂಪುಗೊಂಡವು. ಅಂತಹ ಸ್ಥಳಗಳಲ್ಲಿ ಸಂಸ್ಕರಿಸಿದ ಆಹಾರಕ್ಕೆ ಅವಕಾಶವಿದೆಯೇ ಎಂಬುದನ್ನು ಆಯೋಜಕರಲ್ಲಿ ಮುಂಚಿತವಾಗಿಯೇ ವಿಚಾರಿಸಿಕೊಳ್ಳಬೇಕು.

ನಮ್ಮ ಸಂಘಗಳು ಉತ್ಸವದ ಮಳಿಗೆಗಳನ್ನು ಹಂಚುವ ಮೊದಲು ಒಂದು ದಿನ ಸದಸ್ಯೆಯರನ್ನು ಸೇರಿಸಿ, ಅರ್ಜಿ ತುಂಬಿಸಿ, ಚೀಟಿಯ ಮಾದರಿಯನ್ನು ಸಿದ್ಧಪಡಿಸಿಕೊಟ್ಟರೆ ಈ ಕಾರ್ಯ ಮತ್ತಷ್ಟು ಸುಗಮವಾದೀತು. ಕೈರುಚಿ ನಮ್ಮಲ್ಲಿದೆ, ಅದಕ್ಕೊಂದು ಹೆಸರು, ವಿಳಾಸ, ಹೊಣೆಗಾರಿಕೆ ಸೇರಿದರೆ ಕೊಳ್ಳುವವರ ವಿಶ್ವಾಸವೂ ತಾನಾಗಿ ಬರುತ್ತದೆ.